ಅಳಿವೆಯ ಮೇಲೊಂದು ಕಣ್ಣು

ಮಲ್ಪೆಗೆ ಬರುವ ಪ್ರವಾಸಿಗರು ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಅವರಿಗೆ ಬೇಕಾದುದೆಲ್ಲ ಆ ದಿಕ್ಕಿನಲ್ಲೇ ಇದೆ. ಮರಳು, ಅಲೆ, ಸೂರ್ಯಾಸ್ತ, ದೂರದಲ್ಲಿ ಸೇಂಟ್ ಮೇರೀಸ್ ದ್ವೀಪದ ತೆಂಗಿನ ತಲೆಗಳು. ಊರಿನವರ, ಅದರಲ್ಲೂ ಹೆಂಗಸರ ಕಣ್ಣು ಬೇರೊಂದು ಕಡೆಗಿರುತ್ತದೆ. ಉದ್ಯಾವರ ಹೊಳೆ ಕಡಲನ್ನು ಸೇರುವ ಅಳಿವೆಯ ಕಡೆಗೆ. ಬೋಟುಗಳು ಹೊರಗೆ ಹೋಗುವುದೂ ಅಲ್ಲಿಂದಲೇ, ಒಳಗೆ ಬರುವುದೂ ಅಲ್ಲಿಂದಲೇ. ಕೈ ಮೀನು ವಿಂಗಡಿಸುತ್ತಿರುತ್ತದೆ, ಬಾಯಿ ಗಿರಾಕಿಯೊಡನೆ ಚೌಕಾಸಿ ನಡೆಸುತ್ತಿರುತ್ತದೆ, ಕಣ್ಣು ಮಾತ್ರ ಆಗಾಗ ಅಳಿವೆಯನ್ನು ಮುಟ್ಟಿ ಬರುತ್ತದೆ. ಎಂಟು ವರ್ಷ ಆ ಊರಿನ ಮಗ್ಗುಲಲ್ಲಿ ಪಾಠ ಹೇಳಿದ ಮೇಲೂ ನನಗೆ ಆ ನೋಟ ಅಭ್ಯಾಸವಾಗಲಿಲ್ಲ.

ಉಡುಪಿಯಿಂದ ಮಲ್ಪೆಗೆ ಐದಾರು ಕಿಲೋಮೀಟರ್. ಮಲ್ಪೆ ಬಂತೆಂದು ಹೇಳಲು ಬಸ್ಸಿನ ಕಂಡಕ್ಟರ್ ಬೇಕಿಲ್ಲ, ಮೂಗು ಸಾಕು. ನೋಡುವ ಸ್ಥಳಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ವಡಭಾಂಡೇಶ್ವರದಲ್ಲಿ ಬಲರಾಮನ ಗುಡಿಯಿದೆ. ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ಮಧ್ವಾಚಾರ್ಯರು ಪಾರುಮಾಡಿದರು, ಆ ಹಡಗಿನಲ್ಲಿದ್ದ ಗೋಪಿಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣ ಸಿಕ್ಕಿದ ಎಂಬ ಪ್ರತೀತಿ ಈ ತೀರದ್ದೇ. ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಶಿಲೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬಿಟ್ಟುಹೋಗುವ ಕಾಲದಲ್ಲಿ, ಲಾವಾ ತಣಿದು ಆದವು. ಭೂವಿಜ್ಞಾನ ಓದುವವರು ತಪ್ಪದೆ ನೋಡಬೇಕು. ಆದರೆ ದೋಣಿ ಹತ್ತುವ ಮೊದಲು ಒಂದು ಗಂಟೆ ಬಂದರಿನಲ್ಲಿ ನಿಂತು ನೋಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತಿದ್ದೆ.

ನಾನು ಚಿತ್ರದುರ್ಗದ ಕಡೆಯವನು. ನಮ್ಮ ಸೀಮೆಯಲ್ಲಿ ಕಾಯುವುದು ಎಂದರೆ ಮಳೆಗೆ ಕಾಯುವುದು. ಮುಗಿಲು ನೋಡುವವರನ್ನು ಕಂಡಿದ್ದೆ, ಕಡಲು ನೋಡುವವರನ್ನು ಕಂಡಿರಲಿಲ್ಲ. 1996ರಲ್ಲಿ ಬಿ.ಎಸ್‌ಸಿ., ಬಿ.ಎಡ್. ಪ್ರಮಾಣಪತ್ರಗಳನ್ನು ಟ್ರಂಕಿನಲ್ಲಿಟ್ಟುಕೊಂಡು ಮಲ್ಪೆಯ ಹತ್ತಿರದ ಒಂದು ಪ್ರೌಢಶಾಲೆಗೆ ವಿಜ್ಞಾನದ ಅಧ್ಯಾಪಕನಾಗಿ ಬಂದೆ. ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆ ಮುಗಿದು ಪ್ರಗತಿ ಪತ್ರಗಳನ್ನು ಹಂಚಿದೆವು. ತಂದೆಯ ಸಹಿ ಮಾಡಿಸಿಕೊಂಡು ತರಬೇಕು. ಒಂದು ವಾರವಾದರೂ ಏಳೆಂಟು ಹುಡುಗರ ಪತ್ರ ಬರಲಿಲ್ಲ. ಒಬ್ಬನನ್ನು ನಿಲ್ಲಿಸಿ ಗದರಿದೆ.

"ಅಪ್ಪ ಯಾವಾಗ ಬರುತ್ತಾರೆ?"

"ಐಸ್ ಮುಗಿದಾಗ ಸರ್."

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಅವರು ನಕ್ಕದ್ದು ಅವನನ್ನು ನೋಡಿ ಎಂದುಕೊಂಡೆ. ನನ್ನನ್ನು ನೋಡಿ ಎಂದು ತಿಳಿಯಲು ಒಂದು ದಿನ ಬೇಕಾಯಿತು. ಮರುದಿನ ಸಂಜೆ ಆ ಹುಡುಗನೇ ನನ್ನನ್ನು ಬಂದರಿಗೆ ಕರೆದುಕೊಂಡು ಹೋದ.

ಬೋಟು ಹೊರಡುವ ಮೊದಲು ಅದಕ್ಕೆ ಮೂರು ವಸ್ತು ತುಂಬಬೇಕು. ಡೀಸೆಲ್, ಕುಡಿಯುವ ನೀರು, ಮಂಜುಗಡ್ಡೆ. ಅಕ್ಕಿ ಬೇಳೆ ತರಕಾರಿಯ ಮಾತು ಬೇರೆ. ಐಸ್ ಪ್ಲಾಂಟಿನಿಂದ ಒಂದೊಂದೂ ಐವತ್ತು ಕಿಲೋ ತೂಗುವ ಗಡ್ಡೆಗಳು ಬರುತ್ತವೆ. ಅವನ್ನು ಯಂತ್ರದ ಬಾಯಿಗೆ ಕೊಟ್ಟು ಪುಡಿ ಮಾಡಿ, ಟನ್ನುಗಟ್ಟಲೆ ಬೋಟಿನ ಹೊಟ್ಟೆಗೆ ಇಳಿಸುತ್ತಾರೆ. ಇಳಿಸುವವರ ಮೈಮೇಲೆ ಬೆವರು, ಕಾಲ ಕೆಳಗೆ ಮಂಜು. ಹೊಟ್ಟೆಯ ಗೋಡೆಗೆ ಶಾಖ ಒಳನುಗ್ಗದಂತೆ ದಪ್ಪ ಪದರ ಕೊಟ್ಟಿರುತ್ತಾರೆ. ಆದರೂ ಅದು ಕರಗುತ್ತಲೇ ಇರುತ್ತದೆ. ಮೀನು ಸಿಕ್ಕಷ್ಟೂ ಬೇಗ ಕರಗುತ್ತದೆ, ಏಕೆಂದರೆ ಬಿಸಿ ಮೀನನ್ನು ತಣಿಸಬೇಕಾದುದೂ ಅದೇ. ಸೊನ್ನೆ ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆ ಸೊನ್ನೆ ಡಿಗ್ರಿಯ ನೀರಾಗಲು 80 ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಇಷ್ಟೆಲ್ಲ ಹೀರುವಾಗಲೂ ತಾಪಮಾಪಕದ ಪಾದರಸ ಅಲುಗುವುದಿಲ್ಲ. ಅದಕ್ಕೇ ಅದನ್ನು ಗುಪ್ತೋಷ್ಣ ಎನ್ನುವುದು. ಅದೇ 80 ಕ್ಯಾಲೊರಿಯನ್ನು ಅದೇ ನೀರಿಗೆ ಕೊಟ್ಟರೆ ಅದು 80 ಡಿಗ್ರಿಯವರೆಗೆ ಕಾಯುತ್ತದೆ. (ಬಿಸಿಯಾಗುವುದಕ್ಕೂ ದಾರಿ ನೋಡುವುದಕ್ಕೂ ಕಾಪಾಡುವುದಕ್ಕೂ ಕನ್ನಡದಲ್ಲಿ ಒಂದೇ ಮಾತು, 'ಕಾಯುವುದು'. ಇರಲಿ, ಪದಗಳ ಗೊಡವೆ ಕನ್ನಡ ಪಂಡಿತರಿಗೆ ಬಿಟ್ಟದ್ದು.)

ಗುಪ್ತೋಷ್ಣದ ಪಾಠವನ್ನು ಆ ವರ್ಷ ನಾನು ಮಾಡಲಿಲ್ಲ, ಮಕ್ಕಳೇ ನನಗೆ ಮಾಡಿದರು. ಎಷ್ಟು ಐಸ್ ಹಾಕಿದ್ದಾರೆ, ಯಾವ ಬೋಟು, ಎಷ್ಟು ದಿನ, ಎಲ್ಲ ಲೆಕ್ಕ ಅವರ ಬಾಯಲ್ಲಿತ್ತು. ಹತ್ತು ದಿನ, ಹೆಚ್ಚೆಂದರೆ ಹನ್ನೆರಡು. ಅಷ್ಟರೊಳಗೆ ಐಸ್ ಮುಗಿಯುತ್ತದೆ ಅಥವಾ ಡೀಸೆಲ್ ಮುಗಿಯುತ್ತದೆ. ಅಪ್ಪ ಬರುತ್ತಾರೆ.

ಕಾಯುವಿಕೆಗೆ ಇಷ್ಟು ಉದ್ದ ಬಂದದ್ದು ಹಳೆಯ ಕಾಲದಲ್ಲೇನಲ್ಲ. ಹಾಯಿದೋಣಿಯ ಕಾಲದಲ್ಲಿ ಅದು ಒಂದು ದಿನದ ಮಾತಾಗಿತ್ತು. ಆ ಲೆಕ್ಕವನ್ನು ಇಟ್ಟದ್ದು ಗಾಳಿ. ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ನಿಧಾನ. ಕಡಲ ಮೇಲಿನ ಗಾಳಿ ಇನ್ನೂ ಬೆಚ್ಚಗಿದ್ದು ಮೇಲೇರಿದಾಗ ಆ ಜಾಗಕ್ಕೆ ನೆಲದ ಕಡೆಯ ತಣ್ಣನೆಯ ಗಾಳಿ ಹರಿಯುತ್ತದೆ. ಬೆಳಗಿನ ಜಾವದಲ್ಲಿ ಹಾಯಿ ಬಿಚ್ಚಿದರೆ ನೆಲಗಾಳಿ ದೋಣಿಯನ್ನು ತಾನಾಗಿ ಕಡಲಿಗೆ ತಳ್ಳುತ್ತಿತ್ತು. ಮಧ್ಯಾಹ್ನದ ವೇಳೆಗೆ ನೆಲ ಕಾದು ಗಾಳಿ ಹಿಂದುಮುಂದಾಗುತ್ತದೆ, ಕಡಲಗಾಳಿ ದೋಣಿಯನ್ನು ದಡಕ್ಕೆ ತಂದುಬಿಡುತ್ತಿತ್ತು. ರಂಪಣಿ ಬಲೆಯವರಂತೂ ದಡದಿಂದಲೇ ಎಳೆಯುವವರು, ಗಂಡಸು ಕಣ್ಣಳತೆ ದಾಟಿ ಹೋಗುತ್ತಲೇ ಇರಲಿಲ್ಲ. 1950ರ ದಶಕದ ಕೊನೆಯ ವೇಳೆಗೆ ನಮ್ಮ ಕರಾವಳಿಗೆ ಯಂತ್ರದ ದೋಣಿಗಳು ಬಂದವು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದು ರಂಪಣಿಯವರ ಹೊಟ್ಟೆಗೆ ಹೊಡೆಯಿತು, ದೊಡ್ಡ ಜಗಳಗಳೇ ಆದವು. ಮುಂದೆ ಟ್ರಾಲ್ ಬೋಟುಗಳು ಆಳಸಮುದ್ರಕ್ಕೆ ಇಳಿದು ಗೋವೆ, ರತ್ನಗಿರಿಯ ನೇರಕ್ಕೂ ಅದರಾಚೆಗೂ ಹೋಗತೊಡಗಿದವು. ಹತ್ತಿರದ ಮೀನು ಕಡಮೆಯಾದಂತೆಲ್ಲ ದೂರ ಹೆಚ್ಚಿತು, ದೂರ ಹೆಚ್ಚಿದಂತೆಲ್ಲ ಮನೆಯಲ್ಲಿ ದಿನ ಎಣಿಸುವುದು ಹೆಚ್ಚಿತು.

ಕಾಯುವವರೆಂದರೆ ಸೆರಗು ಹೊದ್ದು ದಡದಲ್ಲಿ ಕುಳಿತವರ ಚಿತ್ರ ಸಿನೆಮಾದವರಿಗೆ ಪ್ರಿಯ. ತಕಳಿ ಶಿವಶಂಕರ ಪಿಳ್ಳೆಯವರ 'ಚೆಮ್ಮೀನ್' 1956ರಲ್ಲಿ ಬಂತು, ಅದರ ಚಲನಚಿತ್ರವೂ ದೇಶವೆಲ್ಲ ಹೆಸರಾಯಿತು. ಕಡಲಿಗೆ ಹೋದ ಗಂಡಸಿನ ಪ್ರಾಣ ದಡದಲ್ಲಿರುವ ಹೆಂಡತಿಯ ನಡತೆಯಲ್ಲಿದೆ ಎಂಬ ನಂಬಿಕೆಯ ಸುತ್ತ ಹೆಣೆದ ಕಥೆ. ಕಥೆ ದೊಡ್ಡದು, ಒಪ್ಪುತ್ತೇನೆ. ಆದರೆ ಬಿರುಗಾಳಿ ಏಳುವುದು ವಾಯುಭಾರ ಕುಸಿತದಿಂದ. ಅದರ ಹೊಣೆಯನ್ನೂ ಆ ಹೆಂಗಸಿನ ತಲೆಗೇ ಕಟ್ಟುವುದು ಯಾವ ನ್ಯಾಯ? ಮಲ್ಪೆಯ ಹೆಂಗಸರಿಗೆ ಕೂರಲು ಪುರುಸೊತ್ತೇ ಇಲ್ಲ. ನಸುಕಿನ ನಾಲ್ಕಕ್ಕೇ ಬಂದರಿನಲ್ಲಿ ಏಲಂ ಶುರುವಾಗುತ್ತದೆ. ಬಂಗುಡೆ, ಬೂತಾಯಿ, ಅಂಜಲ್, ಸಿಗಡಿ, ಬೊಂಡಾಸ್ ರಾಶಿರಾಶಿಯಾಗಿ ಬಿದ್ದಿರುತ್ತವೆ. ಬೆಲೆ ಕೂಗುವವರ ನಡುವೆ ನುಗ್ಗಿ, ತೂಗಿಸಿ, ಬುಟ್ಟಿ ಹೊತ್ತು ಬಸ್ಸು ಹಿಡಿಯಬೇಕು. ಉಡುಪಿಯ ಮನೆಮನೆಗೆ ಮೀನು ತಲುಪುವುದು ಇವರ ತಲೆಯ ಮೇಲಿನಿಂದಲೇ. ಉಳಿದದ್ದಕ್ಕೆ ಉಪ್ಪು ಹಾಕಿ ಒಣಗಿಸಬೇಕು, ಕಾಗೆ ಕಾಯಬೇಕು, ಮೋಡ ಕಂಡರೆ ಬಾಚಿ ಒಳಗೆ ತರಬೇಕು. ಹಿಂದೆ ಮೊಗವೀರರಲ್ಲಿ ಅಳಿಯಸಂತಾನ ಕಟ್ಟು ಇತ್ತು. ಮನೆ ತಾಯಿಯ ಕಡೆಗೆ ಸೇರಿದ್ದು, ಹೆಣ್ಣು ತನ್ನ ಮನೆಯಲ್ಲೇ ಗಟ್ಟಿಯಾಗಿ ನಿಂತಿರುತ್ತಿದ್ದಳು. ಅದರ ಗತ್ತು ಇಂದಿಗೂ ಆ ಹೆಂಗಸರ ಮಾತಿನಲ್ಲಿದೆ.

ದುಡ್ಡೂ ಕಾಯಬೇಕಾದದ್ದೇ. ಅನೇಕ ಬೋಟುಗಳಲ್ಲಿ ತಿಂಗಳ ಸಂಬಳಕ್ಕಿಂತ ಹಿಡಿದ ಮೀನಿನ ಪಾಲೇ ಮುಖ್ಯ. ಬೋಟು ನಡೆಸುವ ತಂಡೇಲನಿಗೆ ಹೆಚ್ಚು, ಉಳಿದ ಕಲಾಸಿಗಳಿಗೆ ಅವರವರ ಪಾಲು. ಮೀನು ಎಷ್ಟು, ಬೆಲೆ ಎಷ್ಟು ಎಂಬುದು ದಡಕ್ಕೆ ಬರುವ ತನಕ ಯಾರಿಗೂ ಗೊತ್ತಿಲ್ಲ. ನಮ್ಮ ಶಾಲೆಯ ಎದುರಿನ ಅಂಗಡಿಯ ಸಾಲದ ಪುಸ್ತಕದಲ್ಲಿ ತಾರೀಖಿನ ಕಲಮೇ ಇರಲಿಲ್ಲ. 'ಬೋಟ್ ಬಂದ ಮೇಲೆ' ಎಂದಷ್ಟೇ ಬರೆದಿರುತ್ತಿತ್ತು.

ಮಲ್ಪೆಯ ಬೋಟುಗಳಲ್ಲಿ ಹೋಗುವವರೆಲ್ಲ ಮಲ್ಪೆಯವರಲ್ಲ ಎಂಬುದು ಹೊರಗಿನವರಿಗೆ ತಿಳಿಯದು. ಭಟ್ಕಳ, ಹೊನ್ನಾವರ, ಕುಮಟಾ ಕಡೆಯಿಂದ ಬಂದ ಕಲಾಸಿಗಳು ಎಷ್ಟೋ. ಈಗೀಗ ಒಡಿಶಾ, ಆಂಧ್ರದವರೂ ಇದ್ದಾರೆ. ಹಾಗಾಗಿ ಒಂದು ಬೋಟಿಗಾಗಿ ಕಾಯುವ ಮನೆಗಳು ಒಂದೇ ಊರಿನಲ್ಲಿ ಇರುವುದಿಲ್ಲ. ನಾನಿದ್ದ ಕಾಲದಲ್ಲಿ ಬಂದರಿನ ಎಸ್‌ಟಿಡಿ ಬೂತಿನ ಮುಂದೆ, ಆಗತಾನೆ ಇಳಿದ ಹುಡುಗರು ಉಪ್ಪು ಮೆತ್ತಿದ ಕೈಯಲ್ಲಿ ಚಿಲ್ಲರೆ ಹಿಡಿದು ಸಾಲುಗಟ್ಟಿರುತ್ತಿದ್ದರು. ಊರಿನ ಅಂಗಡಿಯ ಫೋನಿಗೆ ಮಾಡಿ, "ಬಂದೆ ಎಂದು ಮನೆಗೆ ಹೇಳಿ" ಎಂಬ ಒಂದೇ ಮಾತು.

ಮಳೆಗಾಲದಲ್ಲಿ ಮಾತ್ರ ಈ ಎಣಿಕೆಗೆ ಬಿಡುವು. ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿಗೂ ಮೀನುಗಾರನ ಪ್ರಾಣಕ್ಕೂ ಅದು ಒಳ್ಳೆಯದು. ಆಗ ಶಾಲೆ ತೆರೆಯುತ್ತಿದ್ದುದೂ ಜೂನ್ ತಿಂಗಳಲ್ಲೇ. ಹಾಗಾಗಿ ದಾಖಲಾತಿಗೆ, ಮೊದಲ ಪಾಲಕರ ಸಭೆಗೆ ನಮ್ಮಲ್ಲಿ ತಂದೆಯರು ತುಂಬಿ ತುಳುಕುತ್ತಿದ್ದರು. ಬಿಸಿಲಿಗೆ ಸುಟ್ಟ ಮುಖ, ಇಸ್ತ್ರಿ ಮಾಡಿದ ಅಂಗಿ, ಕುರ್ಚಿಯಲ್ಲಿ ಹೇಗೆ ಕೂರಬೇಕೆಂದು ತಿಳಿಯದ ಮುಜುಗರ. ಒಬ್ಬ ತಂದೆ ಮಗ ಯಾವ ತರಗತಿಯಲ್ಲಿದ್ದಾನೆ ಎಂದು ಕೇಳಿದಾಗ ತಪ್ಪು ಹೇಳಿದ, ಮಗ ತಿದ್ದಿದ. ಎಲ್ಲರೂ ನಕ್ಕೆವು, ಆ ತಂದೆ ನಗಲಿಲ್ಲ. ಎರಡು ತಿಂಗಳು ಬಲೆ ಹೆಣೆಯುತ್ತ, ಬೋಟಿಗೆ ಬಣ್ಣ ಬಳಿಯುತ್ತ, ಮಕ್ಕಳ ಗುರುತು ಹಿಡಿಯುವಷ್ಟರಲ್ಲಿ ಸಮುದ್ರಪೂಜೆಯ ದಿನ ಬಂದುಬಿಡುತ್ತದೆ. ಕಡಲಿಗೆ ಹಾಲು, ಹೂವು, ತೆಂಗಿನಕಾಯಿ. ಮತ್ತೆ ಐಸ್ ಯಂತ್ರದ ಸದ್ದು.

ಬೋಟು ಹೊರಡುವಾಗ ಮಕ್ಕಳು ದಡದಲ್ಲಿ ನಿಂತು ನೋಡುತ್ತಿದ್ದರು. ನಾನು ಇದನ್ನೂ ಪಾಠ ಮಾಡಿಕೊಂಡೆ. ಭೂಮಿ ಗುಂಡಗಿರುವುದರಿಂದ ನಮ್ಮ ಕಣ್ಣಿಗೊಂದು ಎಲ್ಲೆಯಿದೆ. ಕಣ್ಣು ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಬರುತ್ತದೆ. ನೀರಿನ ಅಂಚಿನಲ್ಲಿ ನಿಂತ ತಾಯಿಯ ಕಣ್ಣು 1.6 ಮೀಟರ್ ಎತ್ತರದಲ್ಲಿದ್ದರೆ, ದಿಗಂತ ಬರೇ ನಾಲ್ಕೂವರೆ ಕಿಲೋಮೀಟರ್. 25 ಮೀಟರ್ ಎತ್ತರ ಹತ್ತಿದರೆ ಸುಮಾರು 18. ಮಕ್ಕಳೇ, ನೀವೂ ಲೆಕ್ಕ ಹಾಕಿ ನೋಡಿ. ಬೋಟಿನ ಒಡಲು ಮೊದಲು ಮರೆಯಾಗುತ್ತದೆ, ಆಮೇಲೆ ಕಂಬ. ನನ್ನ ವಿದ್ಯಾರ್ಥಿಗಳು ಹೆಗಲ ಮೇಲೆ ತಮ್ಮ ತಂಗಿಯರನ್ನು ಕೂರಿಸಿಕೊಂಡು, "ಇನ್ನೂ ಕಾಣ್ತದಾ?" ಎಂದು ಕೇಳುತ್ತಿದ್ದರು. ಸೂತ್ರ ಅವರಿಗೆ ಮೊದಲೇ ಗೊತ್ತಿತ್ತು, ವರ್ಗಮೂಲ ಮಾತ್ರ ಗೊತ್ತಿರಲಿಲ್ಲ. ವೈರ್‌ಲೆಸ್ಸಿಗೂ ಹೆಚ್ಚುಕಡಮೆ ಇದೇ ಕಟ್ಟು. ಬೋಟುಗಳು ಬಳಸುವ ವಿಎಚ್‌ಎಫ್ ಅಲೆಗಳು ನೇರ ಸಾಗುವಂಥವು, ಭೂಮಿಯ ಉಬ್ಬು ಅಡ್ಡ ಬಂದರೆ ತಲುಪುವುದಿಲ್ಲ. ದೂರದ ಬೋಟಿನ ಸುದ್ದಿ ನಡುವಿನ ಬೋಟಿಗೆ, ಅಲ್ಲಿಂದ ಇನ್ನೊಂದಕ್ಕೆ, ಹೀಗೆ ಕೈಯಿಂದ ಕೈಗೆ ಬಂದು ದಡ ಸೇರಬೇಕು.

ಈಗ ನನ್ನದೊಂದು ತಪ್ಪನ್ನು ಹೇಳಬೇಕು.

1998ರಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗಿಯ ತಂದೆಯ ಬೋಟು ಮುಳುಗಿತು. ಐದು ಜನರಿದ್ದ ಸಣ್ಣ ಬೋಟು. ನಾಲ್ವರನ್ನು ಬೇರೊಂದು ಬೋಟಿನವರು ಎತ್ತಿದರು, ಆಕೆಯ ತಂದೆ ಸಿಗಲಿಲ್ಲ. ಹುಡುಗಿ ಹದಿನೈದು ದಿನ ಶಾಲೆಗೆ ಬರಲಿಲ್ಲ, ಆಮೇಲೆ ಬಂದಳು. ಮೂರು ತಿಂಗಳ ಬಳಿಕ ವಿದ್ಯಾರ್ಥಿವೇತನದ ಅರ್ಜಿಗಳು ಬಂದವು. ತರಗತಿಯ ಮಾಸ್ತರನಾಗಿ ನಾನೇ ಕುಳಿತು ತುಂಬಿದೆ. ತಂದೆಯ ಹೆಸರಿನ ಹಿಂದೆ 'ದಿ.' ಎಂದು ಬರೆದೆ. ದಿವಂಗತ ಎನ್ನುವುದಕ್ಕೆ ನಾವು ಬರೆಯುವ ಒಂದಕ್ಷರ, ಒಂದು ಚುಕ್ಕೆ. ಹಾಗೆ ಬರೆದರೆ ಹಣ ಬೇಗ ಬರುತ್ತದೆ ಎಂಬುದು ನನ್ನ ಎಣಿಕೆ. ತಾಯಿಯ ಸಹಿಗೆಂದು ಅರ್ಜಿಯನ್ನು ಹುಡುಗಿಯ ಕೈಯಲ್ಲಿ ಕಳಿಸಿದೆ.

ಮರುದಿನ ಹತ್ತು ಗಂಟೆಗೆ ತಾಯಿ ಬಂದರು. ಮೀನಿನ ಬುಟ್ಟಿಯನ್ನು ಹೊರಗೆ ಬಾದಾಮಿ ಮರದ ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಬಂದರು. ಅರ್ಜಿಯನ್ನು ಮೇಜಿನ ಮೇಲೆ ಬಿಡಿಸಿ ಆ ಅಕ್ಷರದ ಮೇಲೆ ಬೆರಳಿಟ್ಟರು.

"ಇದು ಬರ್ದದ್ದು ಯಾರು ಮಾಷ್ಟ್ರೇ?"

"ನಾನೇ ಅಮ್ಮ."

"ನೀವು ನೋಡಿದ್ದುಂಟಾ?"

ಸಿಟ್ಟಿನಿಂದ ಕೇಳಲಿಲ್ಲ. ಅಳಲೂ ಇಲ್ಲ. ಏಲಂನಲ್ಲಿ ತೂಕ ಸರಿಯಿದೆಯೇ ಎಂದು ಕೇಳುವ ಧ್ವನಿ. ಪ್ರಯೋಗಶಾಲೆಯಲ್ಲಿ ನಾನು ವಾರಕ್ಕೊಮ್ಮೆ ಕೂಗುತ್ತಿದ್ದೆ: ವೀಕ್ಷಣೆ ಇಲ್ಲದೆ ತೀರ್ಮಾನ ಬರೆಯಬೇಡಿ, ಪಕ್ಕದವನ ಪುಸ್ತಕ ನೋಡಿ ಬರೆಯಬೇಡಿ. ನಾನು ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಬ್ಲೇಡು ತಂದು ಆ ಅಕ್ಷರ ಕೆರೆಯಲು ಹೋದೆ. ಕಾಗದ ತೆಳುವಾಗಿ ತೂತು ಬಿತ್ತು. ಹೊಸ ಅರ್ಜಿ ತರಿಸಿ ತುಂಬಿದೆ. ಆ ವರ್ಷ ವಿದ್ಯಾರ್ಥಿವೇತನ ಬರಲಿಲ್ಲ. ತಾಯಿ ಅದರ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ಹುಡುಗಿ ಎರಡನೇ ದರ್ಜೆಯಲ್ಲಿ ಪಾಸಾದಳು.

ಕಾನೂನು ಕೂಡ ಆ ತಾಯಿಯ ಪ್ರಶ್ನೆಯನ್ನೇ ಕೇಳುತ್ತದೆ ಎಂದು ಆಮೇಲೆ ತಿಳಿದೆ. ದೇಹ ಸಿಗದಿದ್ದರೆ, ಕಂಡವರಿಲ್ಲದಿದ್ದರೆ, ಮರಣ ಪ್ರಮಾಣಪತ್ರ ಸುಲಭವಲ್ಲ. 1872ರ ಸಾಕ್ಷ್ಯ ಅಧಿನಿಯಮದ ಪ್ರಕಾರ, ಬದುಕಿದ್ದರೆ ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ಏಳು ವರ್ಷವನ್ನು ಹಾಗೆಯೇ ಇಟ್ಟುಕೊಂಡಿದೆ. ಅಲ್ಲಿಯವರೆಗೆ ವಿಮೆ, ಬ್ಯಾಂಕಿನ ಖಾತೆ, ಮನೆಯ ಪತ್ರ, ಎಲ್ಲವೂ ನಡುನೀರಿನಲ್ಲಿ. ಮನಸ್ಸಿಗೆ ಏಳು ವರ್ಷ ಸಾಲದು, ಅಡುಗೆಮನೆಗೆ ಏಳು ವಾರವೂ ಹೆಚ್ಚು. ಮೀನುಗಾರರಿಗೆ ಸರಕಾರದ ಪರಿಹಾರ ನಿಧಿಗಳಿವೆ ನಿಜ, ಅಲ್ಲಿಯೂ ಮೊದಲು ಕೇಳುವುದು ಕಾಗದವನ್ನೇ. ಪಾಲಕರಿಗೆ ನನ್ನದೊಂದು ಮಾತು: ಕಡಲಿಗೆ ಹೋಗುವವರ ಮನೆಯಲ್ಲಿ ಬ್ಯಾಂಕ್ ಖಾತೆಗೆ ನಾಮನಿರ್ದೇಶನ, ವಿಮೆಯ ಕಾಗದ, ಗುರುತಿನ ಚೀಟಿಗಳ ಪ್ರತಿ ಹೆಂಡತಿಯ ಕೈಯಲ್ಲಿರಲಿ. ಇದನ್ನು ಅಪಶಕುನ ಎಂದು ತಳ್ಳುವವರು ಈಗಲೂ ಇದ್ದಾರೆ.

2018ರ ಡಿಸೆಂಬರಿನಲ್ಲಿ ರಾಜ್ಯವೆಲ್ಲ ಮಲ್ಪೆಯ ಅಳಿವೆಯ ಕಡೆ ನೋಡಿತು. ಆ ತಿಂಗಳ 13ರ ರಾತ್ರಿ 'ಸುವರ್ಣ ತ್ರಿಭುಜ' ಎಂಬ ಬೋಟು ಏಳು ಮಂದಿಯನ್ನು ಹೊತ್ತು ಹೊರಟಿತು. ಅವರು ಉಡುಪಿ, ಉತ್ತರ ಕನ್ನಡ ಜಿಲ್ಲೆಗಳವರು. 15ರ ರಾತ್ರಿಯ ಬಳಿಕ ಸಂಪರ್ಕ ತಪ್ಪಿತು. ಐಸ್ ಮುಗಿಯುವ ದಿನ ಕಳೆಯಿತು, ಡೀಸೆಲ್ ಮುಗಿಯುವ ದಿನವೂ ಕಳೆಯಿತು. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಕಡಲು ಬಿಟ್ಟು ರಸ್ತೆಗಿಳಿದು, ಹುಡುಕಿಕೊಡಿ ಎಂದು ಹೆದ್ದಾರಿ ತಡೆದರು. ಕೊನೆಗೆ ಮೇ ತಿಂಗಳ ಆರಂಭದಲ್ಲಿ ಬೋಟಿನ ಅವಶೇಷ ಸಿಕ್ಕಿತು, ಮಹಾರಾಷ್ಟ್ರದ ಮಾಲ್ವಣ ತೀರದಿಂದ 33 ಕಿಲೋಮೀಟರ್ ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ. ಹುಡುಕಿದ ನೌಕಾಪಡೆಯ ಹಡಗಿನ ಹೆಸರು ಐಎನ್‌ಎಸ್ ನಿರೀಕ್ಷಕ್. ಹಿಂದಿಯಲ್ಲಿ ಅದಕ್ಕೆ ಪರಿಶೀಲಿಸುವವನು ಎಂದರ್ಥ. ಕನ್ನಡದಲ್ಲಿ ಓದಿದಾಗ ನನಗೆ ಬೇರೆಯೇ ಕೇಳಿಸಿತು. ಬೋಟು ಮುಳುಗಿದ್ದು ಹೇಗೆ ಎಂಬ ವಾದ ಬಹಳ ನಡೆದಿದೆ, ಅದನ್ನು ಇಲ್ಲಿ ಎತ್ತುವುದಿಲ್ಲ. ನಾಲ್ಕೂವರೆ ತಿಂಗಳು ಆ ಏಳು ಮನೆಗಳಲ್ಲಿ ರಾತ್ರಿ ಬಾಗಿಲಿಗೆ ಚಿಲಕ ಹೇಗೆ ಹಾಕಿದರು ಎಂಬುದೇ ನನ್ನ ತಲೆಯಲ್ಲಿತ್ತು. ಆಗ ನಾನು ವರ್ಗವಾಗಿ ಬಯಲುಸೀಮೆಯಲ್ಲಿದ್ದೆ. ಪತ್ರಿಕೆ ಓದಿ ಮಡಿಸಿಟ್ಟಾಗಲೆಲ್ಲ ಬಾದಾಮಿ ಮರದ ಕೆಳಗಿನ ಬುಟ್ಟಿ ಕಣ್ಣಮುಂದೆ ಬರುತ್ತಿತ್ತು.

ಕಳೆದ ನವೆಂಬರಿನಲ್ಲಿ ಮತ್ತೆ ಮಲ್ಪೆಗೆ ಹೋದೆ. ಕರೆದದ್ದು ಅದೇ ಹುಡುಗಿ. ಹುಡುಗಿ ಎಂದರೆ ಈಗ ನಲವತ್ತು ದಾಟಿದೆ, ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ಗಂಡ ತಂಡೇಲ. ನನಗೆ ಆಶ್ಚರ್ಯವಾಯಿತು. "ಕಡಲಿಗೆ ಹೋಗುವವನನ್ನೇ ಮದುವೆಯಾದೆಯಾ?" ಎಂದು ಕೇಳಿಬಿಟ್ಟೆ. "ಬಸ್ಸಿನ ಡ್ರೈವರ್ ಆಗಿದ್ರೆ ನೀವು ಕೇಳ್ತಿದ್ರಾ ಸರ್?" ಎಂದು ನಕ್ಕಳು.

ತಾಯಿ ಇದ್ದಾರೆ. ಬುಟ್ಟಿ ಹೊರುವುದು ಬಿಟ್ಟು ಕೆಲವು ವರ್ಷವಾಗಿದೆ, ಮಂಡಿನೋವು. ಜಗಲಿಯಲ್ಲಿ ಕುಳಿತಿದ್ದವರು ನನ್ನನ್ನು ಕಂಡು, "ಚುಕ್ಕೆ ಮಾಷ್ಟ್ರು ಬಂದ್ರಾ" ಎಂದರು. ಇಪ್ಪತ್ತೇಳು ವರ್ಷ ಆ ಮನೆಯಲ್ಲಿ ನನಗೆ ಅದೇ ಹೆಸರಂತೆ! ಏಳು ವರ್ಷ ತುಂಬಿದ ಮೇಲೆ ಮನೆಯ ಪತ್ರಕ್ಕಾಗಿ ಮಗಳೇ ಒತ್ತಾಯಿಸಿ ನ್ಯಾಯಾಲಯಕ್ಕೆ ಕರೆದುಕೊಂಡು ಹೋಗಿದ್ದಳು. ತಾಯಿ ಕಾಗದಕ್ಕೆ ಸಹಿ ಹಾಕಿದರು. "ಅದು ಮನೆಗೆ ಬೇಕಾದ ಕಾಗದ" ಎಂದರು ನನಗೆ, ವಿವರಿಸುವವರಂತೆ. ಕೊರಳಲ್ಲಿ ಕರಿಮಣಿ ಇತ್ತು. ನಾನು ಅತ್ತ ನೋಡಿದ್ದನ್ನು ಅವರೂ ನೋಡಿದರು. ಇಬ್ಬರೂ ಏನೂ ಹೇಳಲಿಲ್ಲ. ಮೊಮ್ಮಗಳು ಚಹಾ ತಂದಳು.

ಬೋಟು ಹೊರಟು ಒಂಬತ್ತು ದಿನವಾಗಿತ್ತು. ಮಲ್ಪೆಯಲ್ಲಿ ಈಗ ಬಹಳ ಬದಲಾಗಿದೆ. ಬೋಟಿನಲ್ಲಿ ಜಿಪಿಎಸ್ ಇದೆ, ಮೀನಿನ ಗುಂಪು ಪತ್ತೆಹಚ್ಚುವ ಯಂತ್ರವಿದೆ. ಹವಾಮಾನ ಇಲಾಖೆಯ ಎಚ್ಚರಿಕೆ ಮೊಬೈಲಿಗೇ ಬರುತ್ತದೆ, ಕರಾವಳಿ ಕಾವಲು ಪಡೆಯ 1554 ಎಂಬ ತುರ್ತು ಸಂಖ್ಯೆ ಇದೆ. ಇಸ್ರೋ ಸಂಸ್ಥೆ ರೂಪಿಸಿದ, ಉಪಗ್ರಹದ ಮೂಲಕ ಅಪಾಯದ ಸಂದೇಶ ಕಳಿಸುವ ಸಾಧನವೂ ಬಂದಿದೆ. ಇವೆಲ್ಲ ಬೇಕು, ಪ್ರತಿ ಬೋಟಿನಲ್ಲೂ ಬೇಕು. ಆದರೆ ಮೊಬೈಲಿನ ಮಾತು ಇಂದಿಗೂ ಆ ಹಳೆಯ ದಿಗಂತದ ಲೆಕ್ಕಕ್ಕೇ ಕಟ್ಟುಬಿದ್ದಿದೆ. ಟವರ್ ಎಷ್ಟು ಎತ್ತರವೋ ಅಷ್ಟು ದೂರ. ಅದರಾಚೆಗೆ ಸದ್ದಿಲ್ಲ.

ಮೊಮ್ಮಗಳ ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಯನ್ನು ಆಕೆಯ ತಾಯಿ ಫೋಟೊ ತೆಗೆದು ಗಂಡನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದಳು, ಬೋಟು ಹೊರಟ ಎರಡನೇ ದಿನ. ನನಗೆ ತೋರಿಸಿದಳು. ಫೋಟೊದ ಕೆಳಗೆ ಬೂದು ಬಣ್ಣದ ಒಂದೇ ಒಂದು ಗುರುತು. ಕಳಿಸಿದ್ದೇನೋ ಆಗಿದೆ, ತಲುಪಿಲ್ಲ ಎಂದರ್ಥ. ದಿನಕ್ಕೆ ಎಷ್ಟು ಸಲ ನೋಡುತ್ತೀಯ ಎಂದು ಕೇಳಿದೆ. "ಲೆಕ್ಕ ಇಟ್ಟಿಲ್ಲ ಸರ್" ಎಂದಳು, ಲೆಕ್ಕ ಬರೆಯುವವಳು. ಎರಡನೇ ಗುರುತು ಮೂಡಿತೆಂದರೆ ಬೋಟು ಟವರಿನ ಅಳತೆಯೊಳಗೆ ಬಂತು. ಅಲ್ಲಿಂದ ಅಳಿವೆ ಮುಟ್ಟಲು ಎರಡು ಗಂಟೆ, ಎರಡೂವರೆ ಗಂಟೆ. ನಾನು ಕಾಗದ ತೆಗೆದು 40 ಮೀಟರ್ ಎತ್ತರದ ಟವರು, ನೀರಿನಿಂದ ನಾಲ್ಕು ಮೀಟರ್ ಮೇಲೆ ಹಿಡಿದ ಮೊಬೈಲು ಎಂದು ಇಟ್ಟುಕೊಂಡು ಲೆಕ್ಕ ಹಾಕಿದೆ. ರೇಡಿಯೊ ಅಲೆ ಬೆಳಕಿಗಿಂತ ತುಸು ಹೆಚ್ಚು ಬಾಗುವುದರಿಂದ 3.57ರ ಬದಲು 4.12 ಹಾಕಬೇಕು. ಎರಡನ್ನೂ ಕೂಡಿದರೆ 34 ಕಿಲೋಮೀಟರ್ ಬಂತು. ಗಂಟೆಗೆ ಹದಿನೈದು ಕಿಲೋಮೀಟರಿನಂತೆ ಎರಡು ಗಂಟೆ ಚಿಲ್ಲರೆ. ಕಾಗದವನ್ನು ಅಜ್ಜಿಗೆ ತೋರಿಸಿದೆ. "ಕುಚ್ಚಲಕ್ಕಿ ಬೆಂದು ಗಂಜಿ ಆರುವಷ್ಟು ಹೊತ್ತು" ಎಂದರು.

ಆ ರಾತ್ರಿ ಗುರುತು ಮೂಡಲಿಲ್ಲ. ಹತ್ತನೆಯ ದಿನವೂ ಇಲ್ಲ. ಮೂವರೂ ಎಂದಿನಂತೆ ಇದ್ದರು, ಟಿ.ವಿ. ನೋಡಿದರು, ನಕ್ಕರು. ಆದರೆ ಒಬ್ಬರಾದ ಮೇಲೊಬ್ಬರು ಏನಾದರೊಂದು ನೆಪ ಮಾಡಿಕೊಂಡು ಅಂಗಳಕ್ಕೆ ಹೋಗಿ ಬರುತ್ತಿದ್ದರು. ನನಗೆ ನಿದ್ದೆ ಹತ್ತಲಿಲ್ಲ. ಐಸ್ ಎಷ್ಟು ಹಾಕಿದ್ದರು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಹನ್ನೊಂದನೆಯ ದಿನ ನಸುಕಿನಲ್ಲಿ, ಬಸ್ಸಿಗೆಂದು ಚೀಲ ಕಟ್ಟುತ್ತಿದ್ದಾಗ ಒಳಗೆ ಮೊಮ್ಮಗಳು, "ಅಮ್ಮಾ, ಎರಡು!" ಎಂದಳು. ಯಾರೂ ಓಡಿ ಬರಲಿಲ್ಲ. ಅಜ್ಜಿ ಜಗಲಿಯಿಂದಲೇ, "ಮಾಷ್ಟ್ರೇ, ಬಸ್ಸು ಮತ್ತೆಯೂ ಉಂಟು, ಊಟ ಮಾಡಿ ಹೋಗಿ" ಎಂದು ನನಗೆ ಹೇಳಿದರು. ಅಡುಗೆಮನೆಯಿಂದ ಅಕ್ಕಿ ತೊಳೆಯುವ ಸದ್ದು ಬರತೊಡಗಿತ್ತು.